ಎಚ್‌ಐವಿ ಭಯ ಹಿಡಿದಾಗ: ಯಾವಾಗ ಪರೀಕ್ಷೆ, ಎಷ್ಟು ಸಲ, ಎಲ್ಲಿ ನಿಲ್ಲಿಸಬೇಕು

ಮೊದಲು ಗಂಟೆಗಳ ಲೆಕ್ಕ ಹಾಕಿ. ಲೈಂಗಿಕ ಸಂಪರ್ಕವಾಗಿ 72 ಗಂಟೆ ಇನ್ನೂ ಕಳೆದಿಲ್ಲದಿದ್ದು, ಕಾಂಡೋಮ್ ಹರಿದಿದ್ದರೆ, ಜಾರಿದ್ದರೆ ಅಥವಾ ಬಳಸಿಯೇ ಇಲ್ಲದಿದ್ದರೆ, ಈ ಬರಹವನ್ನು ಇಲ್ಲಿಗೇ ಬಿಟ್ಟು ಜಿಲ್ಲಾಸ್ಪತ್ರೆಗೋ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೋ ಹೊರಡಿ. ಹಗಲಾದರೆ ಎಚ್‌ಐವಿಗೆ ಚಿಕಿತ್ಸೆ ಕೊಡುವ ಎಆರ್‌ಟಿ ಕೇಂದ್ರ, ರಾತ್ರಿಯಾದರೆ ತುರ್ತು ಚಿಕಿತ್ಸಾ ವಿಭಾಗ. ಸೋಂಕು ಬೇರೂರದಂತೆ ತಡೆಯುವ ‘ಪೆಪ್’ ಎಂಬ ಮಾತ್ರೆಗಳನ್ನು 28 ದಿನ ಬಿಡದೆ ತೆಗೆದುಕೊಳ್ಳಬೇಕಾಗುತ್ತದೆ, ಮತ್ತು ಬೇಗ ಶುರುಮಾಡಿದಷ್ಟೂ ಅವುಗಳ ಫಲ ಹೆಚ್ಚು. ಅವು ನಿಮಗೆ ಬೇಕೋ ಬೇಡವೋ ಎಂಬುದನ್ನು ವೈದ್ಯರೇ ತೀರ್ಮಾನಿಸಲಿ.

ಸಮಯ ಮೀರಿದ್ದರೆ, ಅಥವಾ ನಡೆದದ್ದು ಅಷ್ಟು ಅಪಾಯದ್ದಲ್ಲವೆಂದು ನಿಮಗೇ ಅನಿಸುತ್ತಿದ್ದರೆ, ಒಂದು ಹಾಳೆಯಲ್ಲಿ ದಿನಾಂಕ ಹಾಕಿ ನಡೆದದ್ದಷ್ಟನ್ನೇ ಬರೆಯಿರಿ: ಯಾವ ಬಗೆಯ ಸಂಪರ್ಕ, ಕಾಂಡೋಮ್ ಇತ್ತೇ, ಕೊನೆಯವರೆಗೂ ಇತ್ತೇ. ‘ಒಂದು ವೇಳೆ’ ಎಂದು ಶುರುವಾಗುವ ಯಾವ ವಾಕ್ಯವೂ ಅದರಲ್ಲಿ ಇರಬಾರದು. ಮುಂದೆ ಆಪ್ತಸಮಾಲೋಚಕರು ಕೇಳುವುದೂ ಇದನ್ನೇ. ಅಲ್ಲದೆ, ಎರಡು ವಾರ ಕಳೆಯುವಷ್ಟರಲ್ಲಿ ಭಯವು ನೆನಪನ್ನೇ ತಿದ್ದಿಬಿಡುತ್ತದೆ, ಹರಿಯದ ಕಾಂಡೋಮ್ ಹರಿದಿತ್ತೇನೋ ಎನಿಸತೊಡಗುತ್ತದೆ.

ಎಚ್‌ಐವಿ ಹರಡುವುದು ರಕ್ತ, ವೀರ್ಯ ಮತ್ತು ವೀರ್ಯಕ್ಕೆ ಮುಂಚಿನ ಸ್ರಾವ, ಯೋನಿ ಹಾಗೂ ಗುದದ್ವಾರದ ಸ್ರಾವ, ಎದೆಹಾಲು ಇವುಗಳ ಮೂಲಕ. ಎಂಜಲಿನಿಂದ, ಬೆವರಿನಿಂದ, ಮುತ್ತಿನಿಂದ, ಲಾಡ್ಜಿನ ಟವೆಲ್ಲಿನಿಂದ, ಸೊಳ್ಳೆಯಿಂದ ಅದು ಬರುವುದಿಲ್ಲ. ಮುಖಮೈಥುನದಲ್ಲಿ ಅಪಾಯ ತೀರಾ ಕಡಿಮೆ. ಸಂಗಾತಿಗೆ ಸೋಂಕು ಇದ್ದೇ ಇದ್ದು, ಅವರು ಚಿಕಿತ್ಸೆಯಲ್ಲಿಲ್ಲದೆ, ಕಾಂಡೋಮ್ ಕೂಡ ಇಲ್ಲದೆ ಯೋನಿ ಸಂಭೋಗ ನಡೆದರೂ, ಒಂದು ಸಂಪರ್ಕದಲ್ಲಿ ಗಂಡಿಗೆ ಸೋಂಕು ತಗಲುವ ಸಂಭವ ಸುಮಾರು 10,000ಕ್ಕೆ 4, ಹೆಣ್ಣಿಗೆ ಸುಮಾರು 8. ಗುದಸಂಭೋಗದಲ್ಲಿ ಒಳಪಡುವವರಿಗೆ ಮಾತ್ರ ಅದು 138ರಷ್ಟಾಗುತ್ತದೆ; ಹಾಗಾಗಿ ಆ ಸಂದರ್ಭವನ್ನು ಹಗುರವಾಗಿ ಕಾಣಬಾರದು. ಇನ್ನು, ಸೋಂಕಿದ್ದರೂ ವೈರಸ್ಸನ್ನು ಹತ್ತಿಕ್ಕುವ ಎಆರ್‌ಟಿ ಮಾತ್ರೆಯನ್ನು ತಪ್ಪದೆ ತೆಗೆದುಕೊಂಡು ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿಸಿಕೊಂಡು ಅಲ್ಲಿಯೇ ಉಳಿಸಿಕೊಂಡವರಿಂದ ಲೈಂಗಿಕ ಸಂಪರ್ಕದ ಮೂಲಕ ಅದು ಹರಡುವುದೇ ಇಲ್ಲ.

ಲಕ್ಷಣಗಳ ಬೆನ್ನು ಹತ್ತಬೇಡಿ. ಸೋಂಕು ತಗಲಿದ ಎರಡರಿಂದ ನಾಲ್ಕು ವಾರಗಳಲ್ಲಿ ಕೆಲವರಿಗೆ ಜ್ವರ, ಗಂಟಲುನೋವು, ಗುಳ್ಳೆ ಬರುವುದುಂಟು, ಕೆಲವರಿಗೆ ಏನೂ ಆಗುವುದಿಲ್ಲ. ಅದೇ ಜ್ವರ, ಅದೇ ಗಂಟಲುನೋವು ಮಳೆಗಾಲದಲ್ಲಿ ಮನೆಮಂದಿಗೆಲ್ಲ ಬರುತ್ತದೆ. ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಬಾತ್‌ರೂಮಿನ ಕನ್ನಡಿಯ ಮುಂದೆ ನಿಂತು ದಿನಕ್ಕೆ ಇಪ್ಪತ್ತು ಸಲ ಕುತ್ತಿಗೆ ಒತ್ತಿ ಗಂಟು ಹುಡುಕಿದರೆ, ಸಂಜೆಯ ಹೊತ್ತಿಗೆ ಅಲ್ಲಿ ನಿಜಕ್ಕೂ ನೋವು ಬಂದಿರುತ್ತದೆ. ಅದು ಬೆರಳು ಒತ್ತಿ ಬಂದ ನೋವು.

ನಿಜವನ್ನು ಹೇಳುವುದು ಪರೀಕ್ಷೆ ಮಾತ್ರ, ಅದೂ ಸರಿಯಾದ ದಿನ ಮಾಡಿಸಿದರೆ. ರಕ್ತನಾಳದಿಂದ ರಕ್ತ ತೆಗೆದು ಪ್ರಯೋಗಾಲಯದಲ್ಲಿ ಮಾಡುವ, ವೈರಸ್ಸಿನ ಅಂಶವನ್ನೂ ಅದರ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳನ್ನೂ ಹುಡುಕುವ ನಾಲ್ಕನೇ ತಲೆಮಾರಿನ ಪರೀಕ್ಷೆ ಸಂಪರ್ಕವಾದ 45ನೇ ದಿನಕ್ಕೆ ನೆಗೆಟಿವ್ ಬಂದರೆ ಅದನ್ನು ನಂಬಬಹುದು. ಪ್ರತಿಕಾಯಗಳನ್ನಷ್ಟೇ ಹುಡುಕುವ ರ‍್ಯಾಪಿಡ್ ಪರೀಕ್ಷೆಗೆ 90 ದಿನ ಕಾಯಬೇಕು. ಪೆಪ್ ತೆಗೆದುಕೊಂಡಿದ್ದರೆ ದಿನಾಂಕವನ್ನು ವೈದ್ಯರಿಂದಲೇ ಕೇಳಿ ತಿಳಿಯಿರಿ. ಸರ್ಕಾರಿ ಆಸ್ಪತ್ರೆಗಳಲ್ಲಿರುವ ಐಸಿಟಿಸಿ ಎಂಬ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರಗಳಲ್ಲಿ ಪರೀಕ್ಷೆ ಉಚಿತ. ರಕ್ತ ತೆಗೆಯುವ ಮೊದಲೂ ವರದಿ ಕೊಡುವಾಗಲೂ ಆಪ್ತಸಮಾಲೋಚಕರು ಕೂರಿಸಿಕೊಂಡು ಮಾತನಾಡುತ್ತಾರೆ. ನಿಮ್ಮ ಒಪ್ಪಿಗೆ ಪಡೆಯುವುದೂ ಫಲಿತಾಂಶವನ್ನು ಗೋಪ್ಯವಾಗಿಡುವುದೂ 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ ಪ್ರಕಾರ ಅವರ ಹೊಣೆ. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ ಏಡ್ಸ್ ಸಹಾಯವಾಣಿ 1097ಕ್ಕೆ ಕರೆ ಮಾಡಿ, ಹಣ ತಗಲುವುದಿಲ್ಲ. ಮೊದಲ ಪರೀಕ್ಷೆ ‘ರಿಯಾಕ್ಟಿವ್’ ಎಂದು ಬಂದರೂ ಅದೇ ಕೊನೆಯ ಮಾತಲ್ಲ; ಬೇರೆ ಕಿಟ್‌ಗಳಿಂದ ದೃಢಪಡಿಸಿಕೊಂಡ ಮೇಲೆಯೇ ಪಾಸಿಟಿವ್ ಎನ್ನುತ್ತಾರೆ, ಮತ್ತು ಆಗ ಎಆರ್‌ಟಿಯೂ ಉಚಿತವಾಗಿಯೇ ಸಿಗುತ್ತದೆ.

ಕಾಯುವ ದಿನಗಳಲ್ಲಿ ಹೆಂಡತಿ, ಗಂಡ ಅಥವಾ ಸಂಗಾತಿಯೊಡನೆ ಕಾಂಡೋಮ್ ಬಳಸಿ. ಪುಕ್ಕಟೆ ಪರೀಕ್ಷೆಯಾಗುತ್ತದೆಂದು ರಕ್ತದಾನ ಶಿಬಿರಕ್ಕೆ ಹೋಗುವ ಜಾಣತನ ಬೇಡವೇ ಬೇಡ: ಸೋಂಕಿದ್ದೂ ಪರೀಕ್ಷೆಗೆ ಸಿಗದ ಅವಧಿಯ ರಕ್ತವು ಯಾರದೋ ಮೈಗೆ ಸೇರುವ ಅಪಾಯ ಅದರಲ್ಲಿದೆ. ಎಚ್‌ಐವಿಯೊಂದನ್ನೇ ನೆನೆದು ಸಿಫಿಲಿಸ್, ಗೊನೊರಿಯಾಗಳನ್ನು ಮರೆಯುವವರೇ ಹೆಚ್ಚು. ಮುಖಮೈಥುನದಿಂದಲೂ ಹರಡಬಲ್ಲ ಇವಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಲೈಂಗಿಕ ರೋಗಗಳಿಗೆಂದೇ ಇರುವ ಸುರಕ್ಷಾ ಕ್ಲಿನಿಕ್ಕಿನಲ್ಲಿ ತಪಾಸಣೆಯೂ ಚಿಕಿತ್ಸೆಯೂ ಸಿಗುತ್ತವೆ.

ಸರಿಯಾದ ದಿನದ ವರದಿ ನೆಗೆಟಿವ್ ಬಂದ ಮೇಲೆ ನಿಲ್ಲಿಸುವುದೇ ಹೆಚ್ಚಿನವರಿಗೆ ಕಷ್ಟ. ‘ಲ್ಯಾಬಿನವರು ಸ್ಯಾಂಪಲ್ ಅದಲುಬದಲು ಮಾಡಿದ್ದರೆ?’ ಎಂದು ಇನ್ನೊಂದು ಲ್ಯಾಬಿಗೆ, ಅಲ್ಲಿಂದ ಮತ್ತೊಂದು ಲ್ಯಾಬಿಗೆ ಅಲೆಯುತ್ತಾರೆ. ಪ್ರತಿ ವರದಿಯೂ ಎರಡು ದಿನದ ನೆಮ್ಮದಿ ಕೊಟ್ಟು, ಮೂರನೆಯ ದಿನ ಹೊಸ ಅನುಮಾನವನ್ನು ಮುಂದಿಡುತ್ತದೆ. ಮದುವೆಯಾಚೆಯ ಸಂಬಂಧದ, ಅಥವಾ ಮನೆಯಲ್ಲಿ ಬಾಯಿಬಿಡಲಾಗದ ಯಾವುದೋ ಸಂಗತಿಯ ಅಪರಾಧಿಭಾವವೇ ಬಹಳ ಸಲ ರೋಗದ ವೇಷ ಹಾಕಿಕೊಂಡು ಬಂದಿರುತ್ತದೆ ಎಂಬುದು ನನ್ನ ಅನಿಸಿಕೆ, ಮತ್ತು ಯಾವ ಕಿಟ್ಟೂ ಅದನ್ನು ಪತ್ತೆಹಚ್ಚಲಾರದು. ನಿದ್ದೆ, ಊಟ, ಕೆಲಸ ಕೆಟ್ಟಿದ್ದರೆ ಟೆಲಿ-ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಇಲ್ಲವೇ ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ಕಾಣಿ. ಹೋಗುವಾಗ ಆ ಹಾಳೆಯನ್ನೂ ಇದುವರೆಗಿನ ಎಲ್ಲ ವರದಿಗಳನ್ನೂ ಒಟ್ಟಿಗೆ ಒಯ್ದು, ಎಷ್ಟು ಸಲ ಪರೀಕ್ಷೆ ಮಾಡಿಸಿದ್ದೀರಿ, ದಿನಕ್ಕೆ ಎಷ್ಟು ಹೊತ್ತು ಇದೇ ಯೋಚನೆಯಲ್ಲಿ ಕಳೆಯುತ್ತೀರಿ ಎಂಬುದನ್ನು ಮುಚ್ಚಿಡದೆ ಹೇಳಿ.