ಮುಟ್ಟಿನ ನೋವಿಗೆ ಮಾತ್ರೆ ಯಾವಾಗ, ಶಾಖ ಹೇಗೆ?

ನನ್ನ ತಂಗಿಗೆ ಮುಟ್ಟಿನ ಮೊದಲ ದಿನ ಅಂದರೆ ಗೋಡೆ ಕಡೆ ಮುಖ ಮಾಡಿ, ಮಂಡಿಯನ್ನು ಎದೆಗೆ ಒತ್ತಿಕೊಂಡು ಮಲಗುವ ದಿನ. ಬೆಳಿಗ್ಗೆಯೇ ಕಿಬ್ಬೊಟ್ಟೆ ಹಿಂಡಲು ಶುರುವಾದರೂ ‘ಇರಲಿ, ತಡ್ಕೋತೀನಿ’ ಅನ್ನುತ್ತಿದ್ದಳು. ಮಧ್ಯಾಹ್ನಕ್ಕೆ ವಾಂತಿ. ಆಮೇಲೆ ಮಾತ್ರೆ, ಅದೂ ವಾಂತಿಯ ಜೊತೆ ಹೊರಗೆ. ನನಗೆ ಮಾತ್ರೆ ನಾಟುವುದೇ ಇಲ್ಲ ಅಂತ ವರ್ಷಗಟ್ಟಲೆ ಹೇಳಿಕೊಂಡು ಬಂದಳು. ಹೀಗೆ ಹೇಳುವವರನ್ನು ಆಮೇಲೂ ತುಂಬಾ ನೋಡಿದ್ದೇನೆ. ಹೆಚ್ಚಿನವರು ಮಾತ್ರೆ ನುಂಗುವ ಹೊತ್ತನ್ನೇ ತಪ್ಪಿಸಿಕೊಂಡಿರುತ್ತಾರೆ.

ಮೊದಲು, ತಾರೀಖು ಬರೆದಿಡಿ. ಸರಿಯಾಗಿ ರಕ್ತ ಹೋಗಲು ಶುರುವಾದ ದಿನವೇ 1ನೇ ದಿನ. ಅಲ್ಲಿಂದ ಮುಂದಿನ ಮುಟ್ಟಿನ 1ನೇ ದಿನದವರೆಗೆ ಎಣಿಸಿ. ದೊಡ್ಡವರಲ್ಲಿ 21ರಿಂದ 35 ದಿನದೊಳಗೆ ಬಂದರೆ ಚಿಂತೆ ಇಲ್ಲ. ಮುಟ್ಟು ಶುರುವಾದ ಮೊದಲ ಒಂದೆರಡು ವರ್ಷ ಲೆಕ್ಕ ಹಿಂದೆಮುಂದೆ ಆಗುತ್ತದೆ, ಹುಡುಗಿಯರು ಅದಕ್ಕೆ ಗಾಬರಿಯಾಗುವುದು ಬೇಡ. ಮೊಬೈಲ್ ಆ್ಯಪ್ ಆದರೂ ಸರಿ, ಕ್ಯಾಲೆಂಡರ್ ಮೇಲೆ ಒಂದು ಚುಕ್ಕೆ ಆದರೂ ಸರಿ. ನನ್ನ ಓಟು ಚುಕ್ಕೆಗೇ.

ಎರಡನೆಯದು ಮಾತ್ರೆ. ಎಲ್ಲರೂ ಎಡವುವುದು ಇಲ್ಲೇ. ಮುಟ್ಟಿನ ಹೊತ್ತಿಗೆ ಗರ್ಭಕೋಶದ ಒಳಪದರದಿಂದ ಪ್ರೊಸ್ಟಾಗ್ಲಾಂಡಿನ್ ಅನ್ನುವ ರಾಸಾಯನಿಕ ಬಿಡುಗಡೆಯಾಗುತ್ತದೆ. ಗರ್ಭಕೋಶದ ಸ್ನಾಯುವನ್ನು ಹಿಂಡುವುದು ಅದೇ. ಕೆಲವರಿಗೆ ವಾಕರಿಕೆ, ಭೇದಿ ಆಗುವುದೂ ಅದರಿಂದಲೇ. ಐಬುಪ್ರೊಫೆನ್, ಮೆಫೆನಾಮಿಕ್ ಆಸಿಡ್, ನ್ಯಾಪ್ರೊಕ್ಸೆನ್ ಜಾತಿಯ ಮಾತ್ರೆಗಳು ಈ ರಾಸಾಯನಿಕ ತಯಾರಾಗುವುದನ್ನೇ ತಡೆಯುತ್ತವೆ. ಆಗಲೇ ತಯಾರಾಗಿ ಕೆಲಸ ಶುರು ಮಾಡಿದ್ದನ್ನು ಅವು ವಾಪಸ್ ಕರೆಯಲಾರವು. ಹಾಗಾಗಿ ನೋವು ಏರಿದ ಮೇಲೆ ನುಂಗಿದರೆ ಮಾತ್ರೆ ಬರೀ ಬೆನ್ನಟ್ಟಿಕೊಂಡು ಓಡುತ್ತದೆ. ಮೊದಲ ಸೆಳೆತ ಬಂದ ತಕ್ಷಣ, ಇಲ್ಲವೇ ರಕ್ತ ಕಂಡ ತಕ್ಷಣ ತಗೊಳ್ಳಿ. ಏನಾದರೂ ತಿಂದ ಮೇಲೆಯೇ, ಖಾಲಿ ಹೊಟ್ಟೆಯಲ್ಲಿ ಬೇಡ.

ಐಬುಪ್ರೊಫೆನ್ ಆದರೆ ದೊಡ್ಡವರಿಗೆ ಒಂದು ಸಲಕ್ಕೆ 200ರಿಂದ 400 ಮಿಲಿಗ್ರಾಂ, 6ರಿಂದ 8 ಗಂಟೆಗೊಮ್ಮೆ. ಡಾಕ್ಟರನ್ನು ಕೇಳದೆ ದಿನಕ್ಕೆ 1200 ದಾಟಬೇಡಿ. ಮೊದಲ ಒಂದೆರಡು ದಿನ ಹೀಗೆ ಹೊತ್ತಿಗೆ ಸರಿಯಾಗಿ ತಗೊಳ್ಳಬೇಕು, ನೋವು ಮತ್ತೆ ಏರಲಿ ಅಂತ ಕಾಯುತ್ತಾ ಕೂರಬಾರದು. ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ ಇರುವವರು, ಇಂಥ ಮಾತ್ರೆಯಿಂದ ಉಬ್ಬಸ ಏಳುವವರು, ಬಸುರಿ ಇರಬಹುದು ಅನ್ನುವ ಅನುಮಾನ ಇರುವವರು ಇದನ್ನು ಮುಟ್ಟಲೇಬೇಡಿ. ಅಂಥವರು ಡಾಕ್ಟರನ್ನು ಕೇಳಿ, ಸಾಮಾನ್ಯವಾಗಿ ಪ್ಯಾರಸಿಟಮಾಲ್ ಹೇಳುತ್ತಾರೆ. ಈ ನೋವಿಗೆ ಅದರ ಶಕ್ತಿ ಸ್ವಲ್ಪ ಕಮ್ಮಿ, ಆದರೂ ಪರವಾಗಿಲ್ಲ. ಇನ್ನೊಂದು ಮಾತು. ‘ಮುಟ್ಟಿನ ನೋವಿಗೆ’ ಅಂತ ಮಾರುವ ಜೋಡಿ ಮಾತ್ರೆಗಳ (ಎರಡು ಔಷಧಿ ಸೇರಿಸಿ ಮಾಡಿದವು) ಪಟ್ಟಿಯ ಹಿಂಭಾಗ ಓದಿ. ಅದರಲ್ಲಿ ಆಗಲೇ ಮೆಫೆನಾಮಿಕ್ ಆಸಿಡ್ ಇದ್ದು, ಮೇಲೆ ನೀವು ಐಬುಪ್ರೊಫೆನ್ ನುಂಗಿದರೆ ಒಂದೇ ಜಾತಿಯ ಔಷಧಿ ಎರಡು ಪಾಲು ಆಯ್ತು ಅಲ್ವಾ? ಹೊಟ್ಟೆ ಸುಡುತ್ತದೆ.

ಮೂರನೆಯದು ಶಾಖ. ಕುದಿಯುವ ನೀರು ಬೇಡ, ಬಿಸಿ ನೀರು ಸಾಕು. ಬಿಸಿ ನೀರಿನ ರಬ್ಬರ್ ಬ್ಯಾಗನ್ನು ಮುಕ್ಕಾಲಿಗಿಂತ ಸ್ವಲ್ಪ ಕಮ್ಮಿ ತುಂಬಿ, ಬಾಯಿ ಮೇಲೆ ಇರುವ ಹಾಗೆ ಮೇಜಿನ ಮೇಲೆ ನಿಧಾನಕ್ಕೆ ಒರಗಿಸಿ ಒಳಗಿನ ಗಾಳಿ ಹೊರಗೆ ಹಾಕಿ, ಆಮೇಲೆ ಮುಚ್ಚಳ ತಿರುಗಿಸಿ. ತಲೆಕೆಳಗು ಮಾಡಿ ಒಂದು ಹನಿಯೂ ಬೀಳುವುದಿಲ್ಲ ಅಂತ ನೋಡಿ. ಬಟ್ಟೆ ಸುತ್ತಿ ಕಿಬ್ಬೊಟ್ಟೆಗೋ ಸೊಂಟಕ್ಕೋ 15–20 ನಿಮಿಷ ಇಡಿ. ಅದರ ಮೇಲೆ ಮಲಗಬೇಡಿ, ಇಟ್ಟುಕೊಂಡು ನಿದ್ದೆ ಹೋಗಬೇಡಿ. ದಿನಾ ಜಾಸ್ತಿ ಬಿಸಿ ಕೊಟ್ಟರೆ ಚರ್ಮದ ಮೇಲೆ ಬಲೆಯ ಹಾಗೆ ಕಂದು ಗೆರೆ ಮೂಡುತ್ತದೆ. ತಂಗಿಯ ಹೊಟ್ಟೆ ಮೇಲೆ ಅದನ್ನು ನೋಡಿದ ದಿನ ನನಗೆ ನಿಜಕ್ಕೂ ಬೇಸರವಾಯಿತು. ಅಂಥ ಗುರುತು ಕಂಡರೆ ಶಾಖ ಕಮ್ಮಿ ಮಾಡಿ.

ಸ್ವಲ್ಪ ಓಡಾಡಿ, ಚೆನ್ನಾಗಿ ನಿದ್ದೆ ಮಾಡಿ, ಅಷ್ಟೇ.

ಪ್ಯಾಡ್ ವಿಷಯ. 4ರಿಂದ 6 ಗಂಟೆಗೊಮ್ಮೆ ಬದಲಿಸಿ, ತುಂಬಿದರೆ ಅದಕ್ಕೂ ಮುಂಚೆ. ಟ್ಯಾಂಪಾನ್ ಯಾವತ್ತೂ 8 ಗಂಟೆ ದಾಟಬಾರದು. ತೊಡೆ ಸಂದಿ ಉಜ್ಜಿ ಕೆಂಪಾಗಿದ್ದರೆ ನೀರಿನಿಂದ ತೊಳೆದು, ಒತ್ತಿ ಒರೆಸಿ, ಒಣಗಿದ ಮೇಲೆ ಹೊಸದು ಹಾಕಿ. ಘಮಘಮ ಅನ್ನುವ ಪ್ಯಾಡ್ ಕೊಳ್ಳಲೇಬೇಡಿ. ಆ ಸುವಾಸನೆಗೆ ಎಷ್ಟೋ ಜನರ ಚರ್ಮ ಉರಿಯುತ್ತದೆ. ಯೋನಿಯ ಒಳಗೆ ತೊಳೆಯುವ ಲಿಕ್ವಿಡ್‌ಗಳೂ ಬೇಡ. ಒಳಭಾಗ ತನ್ನನ್ನು ತಾನೇ ಸ್ವಚ್ಛ ಮಾಡಿಕೊಳ್ಳುತ್ತದೆ, ಸುಮ್ನೆ ಬಿಟ್ಟುಬಿಡಿ.

ಕೊನೆಗೆ, ಮನೆ ಮದ್ದು ಸಾಲದ ಹೊತ್ತು. ಗಂಟೆಗೊಂದು ಪ್ಯಾಡ್ ಒದ್ದೆಯಾಗಿ ಅದು ಗಂಟೆಗಟ್ಟಲೆ ನಿಲ್ಲದಿದ್ದರೆ, ತಲೆ ಸುತ್ತಿದರೆ, ಅವತ್ತೇ ಆಸ್ಪತ್ರೆಗೆ ಹೋಗಿ. ಎರಡೂವರೆ ಸೆಂಟಿಮೀಟರಿಗಿಂತ ದೊಡ್ಡ ರಕ್ತದ ಗಡ್ಡೆ ಬೀಳುತ್ತಿದ್ದರೆ, ಮುಟ್ಟು 7 ದಿನ ದಾಟಿದರೆ, 3 ತಿಂಗಳು ಮುಟ್ಟೇ ಬರದಿದ್ದರೆ, ಮುಂಚೆ ಇಲ್ಲದ ನೋವು ವರ್ಷದಿಂದ ವರ್ಷಕ್ಕೆ ಏರುತ್ತಿದ್ದರೆ ಸ್ತ್ರೀರೋಗ ತಜ್ಞರನ್ನು ನೋಡಿ. ಗರ್ಭಕೋಶದ ಗಡ್ಡೆಯೋ ಎಂಡೊಮೆಟ್ರಿಯೋಸಿಸ್ಸೋ (ಗರ್ಭಕೋಶದ ಒಳಪದರದಂಥದ್ದೇ ಅದರ ಹೊರಗೆ ಬೆಳೆಯುವ ತೊಂದರೆ) ಇರಬಹುದು, ಎರಡಕ್ಕೂ ಚಿಕಿತ್ಸೆ ಇದೆ. ಜಾಸ್ತಿ ರಕ್ತ ಹೋಗಿ ಸುಸ್ತಾಗುತ್ತಿದ್ದರೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಯಾರಾದರೂ ‘ಹೆಂಗಸಿಗೆ ಇದೆಲ್ಲಾ ಇದ್ದದ್ದೇ’ ಅಂತ ಹೇಳಿ ಕಳಿಸಿದರೆ ಇನ್ನೊಬ್ಬ ಡಾಕ್ಟರ ಹತ್ತಿರ ಹೋಗಿ. ಹೋಗುವಾಗ ಆ ಚುಕ್ಕೆ ಹಾಕಿದ ಕ್ಯಾಲೆಂಡರ್ ಜೊತೆಗಿರಲಿ. ಕೊನೆಯ ಮುಟ್ಟಿನ ಮೊದಲ ದಿನ ಯಾವುದು ಅಂತಲೇ ಅವರು ಮೊದಲು ಕೇಳುವುದು.