ಪ್ಲಾಸ್ಟಿಕ್ ರೋಬೋ ಮಾದರಿಯ ಜೋಡಣೆ: ಗೇಟ್ ಕತ್ತರಿಸುವುದರಿಂದ ಮೇಲ್ಲೇಪದವರೆಗೆ

ಇಂದಿನ ರೋಬೋ ಕಿಟ್‌ಗಳಿಗೆ ಅಂಟು ಬೇಕಿಲ್ಲ, ಬಣ್ಣವೂ ಬೇಕಿಲ್ಲ. ಬಿಡಿಭಾಗಗಳು ಬೇಕಾದ ಬಣ್ಣದ ಪ್ಲಾಸ್ಟಿಕ್ಕಿನಲ್ಲಿಯೇ ಅಚ್ಚಾಗಿ ಬರುತ್ತವೆ ಮತ್ತು ಒತ್ತಿದರೆ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಹಾಗಿದ್ದರೂ ಒಂದೇ ಕಿಟ್ ಇಬ್ಬರ ಕೈಯಲ್ಲಿ ಎರಡು ರೂಪ ತಾಳುತ್ತದೆ. ಈ ವ್ಯತ್ಯಾಸದ ಮುಕ್ಕಾಲು ಪಾಲು ಹುಟ್ಟುವುದು ಬಿಡಿಭಾಗವನ್ನು ಅದರ ಚೌಕಟ್ಟಿನಿಂದ ಬಿಡಿಸುವ ಕೆಲಸದಲ್ಲಿ. ಆದ್ದರಿಂದ ಈ ಲೇಖನದಲ್ಲಿ ಆ ಕೆಲಸಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಮೊದಲು ಕಿಟ್‌ನ ಆಯ್ಕೆ. ಈ ಹವ್ಯಾಸದಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವುದು ಜಪಾನಿನ ಬಂಡಾಯ್ ಕಂಪನಿಯ ಗಂಡಮ್ ಮಾದರಿಗಳು (ಗಂಡಮ್ ಎಂಬ ಜಪಾನಿ ಅನಿಮೇಷನ್ ಸರಣಿಯ ರೋಬೋಗಳವು), ಅಂದರೆ ಗನ್‌ಪ್ಲಾ. 1980ರ ಜುಲೈನಲ್ಲಿ ಬಂದ ಮೊದಲ ಕಿಟ್ 1/144 ಅಳತೆಯದು, ಬೆಲೆ 300 ಯೆನ್. ಆಗ ಅದನ್ನು ಅಂಟಿನಿಂದ ಜೋಡಿಸಿ, ಬಣ್ಣವನ್ನು ಕೈಯಾರೆ ಹಚ್ಚಬೇಕಾಗಿತ್ತು. ಇಂದು ಅದೇ ಅಳತೆಯಲ್ಲಿ ಎಂಟ್ರಿ ಗ್ರೇಡ್, ಹೈ ಗ್ರೇಡ್ ಮತ್ತು ರಿಯಲ್ ಗ್ರೇಡ್ ಎಂಬ ಶ್ರೇಣಿಗಳಿವೆ. 1/100 ಅಳತೆಯಲ್ಲಿ 1995ರಿಂದ ಮಾಸ್ಟರ್ ಗ್ರೇಡ್ ಇದೆ. 1/60 ಅಳತೆಯಲ್ಲಿ 1998ರಿಂದ ಪರ್ಫೆಕ್ಟ್ ಗ್ರೇಡ್ ಇದೆ. ಕಥೆಯಲ್ಲಿ 18 ಮೀಟರ್ ಎತ್ತರವಿರುವ ಮೂಲ ಗಂಡಮ್ 1/144ರಲ್ಲಿ ಹನ್ನೆರಡೂವರೆ ಸೆಂಟಿಮೀಟರ್, 1/100ರಲ್ಲಿ 18 ಸೆಂಟಿಮೀಟರ್, 1/60ರಲ್ಲಿ 30 ಸೆಂಟಿಮೀಟರ್ ಆಗುತ್ತದೆ. ಮೊದಲ ಸಲ ಕೈಹಾಕುವವರು ಹೈ ಗ್ರೇಡ್ ಆರಿಸಿಕೊಳ್ಳಲಿ ಎಂಬುದು ನನ್ನ ಸಲಹೆ. ರಿಯಲ್ ಗ್ರೇಡ್ ಗಾತ್ರದಲ್ಲಿ ಅಷ್ಟೇ ಇದ್ದರೂ ಅದರ ಭಾಗಗಳು ಬಹಳ ಸಣ್ಣವು, ಮತ್ತು ಸಣ್ಣ ಭಾಗದಲ್ಲಿ ಕತ್ತರಿಸಿದ ಗುರುತು ದೊಡ್ಡದಾಗಿ ಕಾಣುತ್ತದೆ.

ಸಲಕರಣೆಗಳು ಹೆಚ್ಚೇನೂ ಬೇಡ: ಪ್ಲಾಸ್ಟಿಕ್ ಮಾದರಿಗಳಿಗೆಂದೇ ತಯಾರಾದ ನಿಪ್ಪರ್ (ಕತ್ತರಿಸುವ ಸಣ್ಣ ಇಕ್ಕಳ), ಹೊಸ ಅಲಗಿನ ಕಟ್ಟರ್, 400ರಿಂದ 1000ದವರೆಗಿನ ನಾಲ್ಕು ಬಗೆಯ ಸ್ಯಾಂಡ್‌ಪೇಪರ್ ಮತ್ತು ಒಂದು ಚಿಮುಟ ಸಾಕು. ಇವುಗಳಲ್ಲಿ ನಿಪ್ಪರ್ ವಿಷಯದಲ್ಲಿ ಮಾತ್ರ ಹಿಂದೆಮುಂದೆ ನೋಡಬಾರದು. ವಿದ್ಯುತ್ ತಂತಿ ಕತ್ತರಿಸುವ ಇಕ್ಕಳದ ಅಲಗು ದಪ್ಪವಾಗಿದ್ದು ಪ್ಲಾಸ್ಟಿಕ್ಕನ್ನು ಕತ್ತರಿಸುವ ಮೊದಲು ಹಿಸುಕುತ್ತದೆ. ಮಾದರಿಯ ನಿಪ್ಪರಿನ ಅಲಗು ತೆಳ್ಳಗಿದ್ದು, ಅದರ ಒಂದು ಬದಿ ಸಂಪೂರ್ಣ ಚಪ್ಪಟೆಯಾಗಿರುತ್ತದೆ. ಆ ಚಪ್ಪಟೆ ಬದಿ ಯಾವಾಗಲೂ ಬಿಡಿಭಾಗದ ಕಡೆಗಿರಬೇಕು.

ಪೆಟ್ಟಿಗೆಯಲ್ಲಿ ಭಾಗಗಳು ಬಿಡಿಬಿಡಿಯಾಗಿ ಇರುವುದಿಲ್ಲ. ಅವು ರನ್ನರ್ ಎಂಬ ಚೌಕಟ್ಟುಗಳಿಗೆ ಅಂಟಿಕೊಂಡಿರುತ್ತವೆ. ಪ್ರತಿ ರನ್ನರಿಗೆ ಎ, ಬಿ, ಸಿ ಎಂಬಂತೆ ಒಂದು ಅಕ್ಷರ, ಪ್ರತಿ ಭಾಗಕ್ಕೆ ಒಂದು ಸಂಖ್ಯೆ ಇರುತ್ತದೆ. ಕೈಪಿಡಿಯ ಬರಹ ಜಪಾನಿ ಭಾಷೆಯಲ್ಲಿದ್ದರೂ ಚಿತ್ರಗಳೇ ಎಲ್ಲವನ್ನೂ ಹೇಳುತ್ತವೆಯಾದ್ದರಿಂದ ಭಾಷೆ ಅಡ್ಡಿಯಾಗದು. ಆದರೆ ಚಿತ್ರದಲ್ಲಿ ಭಾಗದ ಯಾವ ಮುಖ ನಮ್ಮೆಡೆಗಿದೆ, ಮೊಳೆಯಂಥ ಕಡ್ಡಿ ಉದ್ದವೋ ಗಿಡ್ಡವೋ ಎಂಬುದನ್ನು ಗಮನವಿಟ್ಟು ನೋಡಬೇಕು. ಎಡಗೈ ಮತ್ತು ಬಲಗೈಯ ಭಾಗಗಳು ಹೋಲುವುದರಿಂದ ಇಲ್ಲಿ ತಪ್ಪು ಸುಲಭ. ಎಲ್ಲ ಭಾಗಗಳನ್ನೂ ಮೊದಲೇ ಕತ್ತರಿಸಿ ರಾಶಿ ಹಾಕಿಕೊಳ್ಳಬಾರದು. ರನ್ನರಿನಿಂದ ಬೇರ್ಪಟ್ಟ ಭಾಗದ ಮೇಲೆ ಸಂಖ್ಯೆ ಇರುವುದಿಲ್ಲ. ಆಮೇಲೆ ಹುಡುಕಾಟವೇ ಗತಿ. ಆಯಾ ಹಂತಕ್ಕೆ ಬೇಕಾದುದನ್ನು ಮಾತ್ರ ಬಿಡಿಸಿಕೊಳ್ಳಬೇಕು.

ಇನ್ನು ಮುಖ್ಯ ಕೆಲಸಕ್ಕೆ ಬರೋಣ. ಭಾಗವನ್ನು ರನ್ನರಿಗೆ ಜೋಡಿಸುವ ಸಣ್ಣ ಕಡ್ಡಿಯೇ ಗೇಟ್. ಅಚ್ಚಿನೊಳಗೆ ಕರಗಿದ ಪ್ಲಾಸ್ಟಿಕ್ ಹರಿದು ಬರುವ ದಾರಿ ಅದು. ಇದನ್ನು ಒಂದೇ ಏಟಿಗೆ ಭಾಗದ ಬುಡದಲ್ಲಿ ಕತ್ತರಿಸಿದರೆ, ರನ್ನರ್ ಅತ್ತ ಗಟ್ಟಿಯಾಗಿ ಹಿಡಿದುಕೊಂಡಿರುವುದರಿಂದ ಅಲಗಿನ ಒತ್ತಡವೆಲ್ಲ ಭಾಗದ ಮೇಲೆಯೇ ಬಿದ್ದು, ಕೆಲವೊಮ್ಮೆ ಸಣ್ಣ ಕುಳಿಯೇ ಕಿತ್ತುಬರುತ್ತದೆ, ಇಲ್ಲವಾದರೆ ಅಲ್ಲಿ ಬಿಳಿಯ ಕಲೆ ಮೂಡುತ್ತದೆ. ಈ ಬಿಳುಪು ಬಣ್ಣ ಹೋದದ್ದರಿಂದ ಬಂದದ್ದಲ್ಲ. ಎಳೆತಕ್ಕೆ ಸಿಕ್ಕ ಪಾಲಿಸ್ಟೈರೀನ್ ಪ್ಲಾಸ್ಟಿಕ್ಕಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕುಗಳು ಹುಟ್ಟಿ, ಬೆಳಕನ್ನು ಚದುರಿಸುವುದರಿಂದ ಆ ಜಾಗ ಬೆಳ್ಳಗೆ ಕಾಣುತ್ತದೆ. ಬಿಳಿಯ ಭಾಗದಲ್ಲಿ ಇದು ಅಡಗಿಹೋದರೂ ಕಡುನೀಲಿ ಮತ್ತು ಕೆಂಪು ಭಾಗಗಳಲ್ಲಿ ದೂರದಿಂದಲೇ ಕಣ್ಣಿಗೆ ಹೊಡೆಯುತ್ತದೆ.

ಆದ್ದರಿಂದ ಎರಡು ಹಂತಗಳಲ್ಲಿ ಕತ್ತರಿಸಬೇಕು. ಮೊದಲು ಭಾಗದಿಂದ ಎರಡು ಮೂರು ಮಿಲಿಮೀಟರ್ ದೂರದಲ್ಲಿ, ರನ್ನರಿಗೆ ಹತ್ತಿರವಾಗಿ, ಎಲ್ಲ ಗೇಟ್‌ಗಳನ್ನೂ ಕತ್ತರಿಸಿ ಭಾಗವನ್ನು ಸ್ವತಂತ್ರಗೊಳಿಸಬೇಕು. ಅನಂತರ ಅದನ್ನು ಕೈಯಲ್ಲಿ ಹಿಡಿದು, ಉಳಿದ ಮೊಟಕು ಕಡ್ಡಿಯನ್ನು ಅರ್ಧ ಮಿಲಿಮೀಟರಿನಷ್ಟು ಉಳಿಸಿ ಎರಡನೆಯ ಬಾರಿ ಕತ್ತರಿಸಬೇಕು. ಆಗ ತುಂಡಿಗೆ ಆ ಕಡೆಯಲ್ಲಿ ಯಾವ ಹಿಡಿತವೂ ಇಲ್ಲದ್ದರಿಂದ ಅದು ಸಲೀಸಾಗಿ ಸರಿದುಹೋಗುತ್ತದೆ, ಭಾಗಕ್ಕೆ ಒತ್ತಡ ತಾಕುವುದಿಲ್ಲ. ಉಳಿದ ಅರ್ಧ ಮಿಲಿಮೀಟರನ್ನು ಕಟ್ಟರಿನಿಂದ ಒಂದೇ ಸಲಕ್ಕೆ ಅಲ್ಲ, ತೆಳುವಾದ ಸಿಪ್ಪೆಗಳಂತೆ ಪದರ ಪದರವಾಗಿ ತೆಗೆಯಬೇಕು. ಅಲಗು ಬೆರಳಿನ ಕಡೆಗೆ ಚಲಿಸದಂತೆ ಎಚ್ಚರವಹಿಸಬೇಕು. ಸರಿಯಾಗಿ ತೆಗೆದಿದ್ದರೆ, ಕಣ್ಣು ಮುಚ್ಚಿ ಬೆರಳ ತುದಿಯಿಂದ ಸವರಿದಾಗ ಉಬ್ಬು ಸಿಗುವುದಿಲ್ಲ. ಕಣ್ಣಿಗಿಂತ ಬೆರಳೇ ಇಲ್ಲಿ ನಂಬಿಕೆಗೆ ಅರ್ಹ.

ಪಾರದರ್ಶಕ ಭಾಗಗಳು ಹೆಚ್ಚು ಪೆಡಸು. ಅವುಗಳ ಗೇಟನ್ನು ಇನ್ನೂ ದೂರದಲ್ಲಿ ಕತ್ತರಿಸಿ, ಉಳಿದುದನ್ನು ಉಜ್ಜಿಯೇ ತೆಗೆಯುವುದು ಸುರಕ್ಷಿತ. ಕೆಲವು ಕಿಟ್‌ಗಳಲ್ಲಿ ಗೇಟ್ ಭಾಗದ ಒಳಮುಖಕ್ಕೆ, ಅಂದರೆ ಮತ್ತೊಂದು ಭಾಗ ಬಂದು ಕೂರುವ ಅಂಚಿಗೆ, ಇರುತ್ತದೆ. ಅದು ಹೊರಗೆ ಕಾಣದೆಂದು ಅಲಕ್ಷಿಸಿದರೆ ಎರಡು ಭಾಗಗಳ ನಡುವೆ ಕೂದಲೆಳೆಯ ಸಂದು ಉಳಿದುಬಿಡುತ್ತದೆ.

ಉಜ್ಜುವಾಗ 400ರಿಂದ ಆರಂಭಿಸಿ 600, 800, 1000 ಎಂದು ಏರುತ್ತ ಹೋಗಬೇಕು. ಪ್ರತಿ ಕಾಗದವೂ ಹಿಂದಿನದು ಬಿಟ್ಟ ಗೀರುಗಳನ್ನು ಅಳಿಸಬೇಕು. ಕಾಗದವನ್ನು ಚಪ್ಪಟೆಯಾದ ಗಟ್ಟಿ ತುಂಡಿಗೆ ಅಂಟಿಸಿಕೊಂಡರೆ ಅಂಚುಗಳು ದುಂಡಾಗುವುದಿಲ್ಲ. ರೋಬೋವಿನ ಕವಚಕ್ಕೆ ಯಂತ್ರದ ಗತ್ತು ಬರುವುದು ಆ ಚೂಪು ಅಂಚುಗಳಿಂದಲೇ. ಕೊನೆಯಲ್ಲಿ ಮ್ಯಾಟ್, ಅಂದರೆ ಹೊಳಪಿಲ್ಲದ, ಲೇಪ ಹಾಕುವ ಉದ್ದೇಶವಿದ್ದರೆ 800ರಲ್ಲಿಯೇ ನಿಲ್ಲಿಸಬಹುದು. ಉಳಿದ ಸಣ್ಣ ಗೀರುಗಳು ಲೇಪದಡಿ ಮಾಯವಾಗುತ್ತವೆ.

ಜೋಡಣೆಯೇ ಸರಳ ಕೆಲಸ. ಸಂದು ಪೂರ್ತಿ ಮುಚ್ಚುವವರೆಗೆ ಸಮವಾಗಿ ಒತ್ತಬೇಕು. ಕೀಲುಗಳೊಳಗೆ ಕೂರುವ ಮೆತ್ತನೆಯ ಬೂದುಬಣ್ಣದ ಪಾಲಿಕ್ಯಾಪ್‌ಗಳಿಗೆ ದಿಕ್ಕು ಇರುವುದುಂಟು, ಆದ್ದರಿಂದ ಎರಡು ಭಾಗಗಳನ್ನು ಮುಚ್ಚುವ ಮೊದಲು ಅವನ್ನು ಚಿತ್ರದೊಂದಿಗೆ ಹೋಲಿಸಬೇಕು. ತಪ್ಪಾಗಿ ಜೋಡಿಸಿದ್ದನ್ನು ಬಿಡಿಸಲು ಪ್ಲಾಸ್ಟಿಕ್ಕಿನ ಪಾರ್ಟ್ಸ್ ಸೆಪರೇಟರ್ ಬಳಸಬೇಕು; ಕಬ್ಬಿಣದ ಸ್ಕ್ರೂಡ್ರೈವರ್ ತೂರಿಸಿದರೆ ಅಂಚು ಶಾಶ್ವತವಾಗಿ ನಜ್ಜಾಗುತ್ತದೆ. ತೋಳು, ಕಾಲುಗಳಲ್ಲಿ ಎರಡು ಅರ್ಧಗಳು ಸೇರುವ ಗೆರೆ ಕಣ್ಣಿಗೆ ಚುಚ್ಚುವಂತಿದ್ದರೆ, ಎರಡೂ ಅಂಚುಗಳಿಗೆ ಮಾದರಿಗಳ ಸಿಮೆಂಟ್ (ಪ್ಲಾಸ್ಟಿಕ್ಕನ್ನು ಕರಗಿಸಿ ಕೂಡಿಸುವ ಅಂಟು) ಹಚ್ಚಿ, ಕರಗಿದ ಪ್ಲಾಸ್ಟಿಕ್ ಗೆರೆಯುದ್ದಕ್ಕೂ ಸ್ವಲ್ಪ ಹೊರಗೆ ಉಕ್ಕುವಂತೆ ಒತ್ತಿ, ಕನಿಷ್ಠ ಒಂದು ದಿನ ಚೆನ್ನಾಗಿ ಒಣಗಲು ಬಿಟ್ಟು, ಆಮೇಲೆ ಉಜ್ಜಿ ಸಮಮಾಡಬಹುದು.

ಕವಚದ ಮೇಲಿನ ಕಿರುತೋಡುಗಳಿಗೆ ಬಣ್ಣ ತುಂಬುವುದನ್ನು ಪ್ಯಾನೆಲ್ ಲೈನಿಂಗ್ ಎನ್ನುತ್ತಾರೆ. ಇಷ್ಟು ಕಡಿಮೆ ಶ್ರಮಕ್ಕೆ ಇಷ್ಟು ಹೆಚ್ಚು ಫಲ ಕೊಡುವ ಕೆಲಸ ಈ ಹವ್ಯಾಸದಲ್ಲಿ ಬೇರೆ ಇಲ್ಲ. ಬಿಳಿಯ ಭಾಗಕ್ಕೆ ಬೂದು, ಕೆಂಪು ಮತ್ತು ಹಳದಿಗೆ ಕಂದು, ಕಡುಬಣ್ಣಗಳಿಗೆ ಕಪ್ಪು ಹೊಂದುತ್ತದೆ. ಬಿಳಿಯ ಮೇಲೆ ಕಪ್ಪು ಗೆರೆ ಒರಟಾಗಿ ಕಾಣುತ್ತದೆಂಬುದು ನನ್ನ ಅಭಿಪ್ರಾಯ. ಮೊದಲಿಗರಿಗೆ ತೆಳುತುದಿಯ ಪೆನ್ ಸಾಕು. ತೋಡಿನಲ್ಲಿ ತಾನೇ ಹರಿದು ಹರಡುವ ಎನಾಮಲ್ ದ್ರವ ಬಳಸುವುದಾದರೆ ಒಂದು ಅಪಾಯ ತಿಳಿದಿರಬೇಕು: ಅದರ ಥಿನ್ನರ್ ಬಿಗಿಯಾಗಿ ಕೂಡಿಸಿದ ಭಾಗಗಳ ಸಂದಿಗೆ, ಅದರಲ್ಲೂ ಎಬಿಎಸ್ ಪ್ಲಾಸ್ಟಿಕ್ಕಿನ ಕೀಲುಗಳಿಗೆ, ಇಳಿದರೆ ಪ್ಲಾಸ್ಟಿಕ್ ಸೀಳಿಹೋಗಬಹುದು. ಭಾಗಗಳನ್ನು ಬಿಡಿಸಿಟ್ಟು, ಹೊಳಪಿನ ಲೇಪದ ಮೇಲೆ, ತುಸುವೇ ಹಚ್ಚುವುದು ಒಳ್ಳೆಯದು.

ಅನಂತರ ಡೆಕಾಲ್, ಅಂದರೆ ಕವಚದ ಮೇಲೆ ಅಂಟಿಸುವ ಗುರುತು, ಅಕ್ಷರಗಳ ತೆಳುಚಿತ್ರ. ನೀರಿನಲ್ಲಿ ನೆನೆಸುವ ಬಗೆಯಾದರೆ ಕೆಲವು ಸೆಕೆಂಡ್ ನೆನೆಸಿ, ಕಾಗದದಿಂದ ಜಾರತೊಡಗಿದೊಡನೆ ಭಾಗದ ಮೇಲೆ ಸರಿಸಿ, ಹತ್ತಿಯ ಕಡ್ಡಿಯಿಂದ ಮಧ್ಯದಿಂದ ಅಂಚಿನ ಕಡೆಗೆ ನೀರನ್ನು ಹೊರಡಿಸಬೇಕು. ಸ್ಟಿಕ್ಕರನ್ನು ಬೆರಳಿನಿಂದ ಮುಟ್ಟದೆ ಚಿಮುಟದಿಂದಲೇ ಎತ್ತಬೇಕು.

ಮೇಲ್ಲೇಪಕ್ಕೆ ಒಣ ಹವೆಯ ದಿನ ಆರಿಸಬೇಕು, ಏಕೆಂದರೆ ತೇವಾಂಶ ಹೆಚ್ಚಿದ್ದರೆ ಮ್ಯಾಟ್ ಲೇಪ ಮಂಜು ಕವಿದಂತೆ ಬೆಳ್ಳಗಾಗುತ್ತದೆ. ಗಾಳಿಯಾಡುವ ಜಾಗದಲ್ಲಿ, ಮುಖಕ್ಕೆ ಮಾಸ್ಕ್ ಧರಿಸಿ, ಲೇಪದ ಸ್ಪ್ರೇ ಕ್ಯಾನನ್ನು 20ರಿಂದ 30 ಸೆಂಟಿಮೀಟರ್ ದೂರದಲ್ಲಿ ಹಿಡಿದು, ಸಿಂಪರಣೆಯನ್ನು ಭಾಗದ ಹೊರಗೆ ಆರಂಭಿಸಿ ಹೊರಗೇ ಮುಗಿಸುತ್ತ, ತೆಳುವಾಗಿ ಎರಡು ಮೂರು ಬಾರಿ ಹಾಕಬೇಕು. ಪಾರದರ್ಶಕ ಭಾಗಗಳನ್ನೂ ಲೋಹದ ಹೊಳಪಿನ ಸ್ಟಿಕ್ಕರ್‌ಗಳಿರುವ ಕಣ್ಣುಗಳನ್ನೂ ಮೊದಲೇ ತೆಗೆದಿಡಬೇಕು ಅಥವಾ ಮುಚ್ಚಬೇಕು, ಇಲ್ಲವಾದರೆ ಅವು ಮಸುಕಾಗುತ್ತವೆ. ಒಂದು ದಿನ ಒಣಗಿದ ಮೇಲೆ ಮೊಣಕೈ, ಮೊಣಕಾಲುಗಳನ್ನು ಮೊದಲ ಬಾರಿ ಮಡಿಸುವಾಗ ನಿಧಾನವಾಗಿ ಮಡಿಸಿ, ಕವಚಕ್ಕೆ ಕವಚ ಉಜ್ಜುವ ಜಾಗವೇನಾದರೂ ಕಂಡರೆ ಭಂಗಿಯನ್ನು ಅಷ್ಟಕ್ಕೇ ನಿಲ್ಲಿಸಬೇಕು. ಲೇಪ ಮೊದಲು ಕಿತ್ತುಹೋಗುವುದು ಅಲ್ಲಿಯೇ.