ಸ್ಪ್ರೇ ಬಾಟಲಿ ಬದಿಗಿಟ್ಟ ಮೇಲೆ ನನ್ನ ಹಾವಿನ ಪೊರೆ ಸರಿಯಾಯಿತು

ನಾನು ಸಾಕಿರುವ ಬಾಲ್ ಪೈಥಾನ್ ಅನ್ನುವ ಜಾತಿಯ ಹೆಬ್ಬಾವು ನಮ್ಮ ಮನೆಯಲ್ಲಿ ಮೊದಲ ಸಲ ಪೊರೆ ಬಿಟ್ಟಾಗ ಅದು ಚೂರು ಚೂರಾಗಿ ಬಂತು. ಮೈಮೇಲೆ ಒಣಗಿದ ಕಾಗದದ ಹಾಗೆ ಅಲ್ಲಲ್ಲಿ ಅಂಟಿಕೊಂಡಿತ್ತು. ಬಾಲದ ತುದಿಯಲ್ಲಿ ಒಂದು ಉಂಗುರ ಉಳಿದಿತ್ತು. ಎಡಗಣ್ಣಿನ ಪೊರೆಯೂ ಹೋಗಿರಲಿಲ್ಲ. ಹಾವಿಗೆ ರೆಪ್ಪೆ ಇಲ್ಲ, ಅಲ್ವಾ? ಕಣ್ಣಿನ ಮೇಲೆ ಗಾಜಿನಂಥ ಒಂದು ತೆಳು ಹೊದಿಕೆ ಇರುತ್ತದೆ. ಪ್ರತಿ ಸಲ ಪೊರೆಯ ಜೊತೆ ಅದೂ ಕಳಚಬೇಕು. ಕಳಚದೆ ಮಂಕಾಗಿದ್ದ ಆ ಕಣ್ಣು ನೋಡಿ ನನಗೆ ತುಂಬಾ ಸಂಕಟವಾಯಿತು.

ನಾನೇನೂ ಸುಮ್ನೆ ಕೂತಿರಲಿಲ್ಲ. ದಿನಕ್ಕೆ ಎರಡು ಸಲ ನೀರು ಸಿಂಪಡಿಸುತ್ತಿದ್ದೆ. ಹಾವಿನ ಗಾಜಿನ ಟ್ಯಾಂಕಿಗೆ ಅಂಟಿಸಿದ್ದ ಮುಳ್ಳಿನ ಹೈಗ್ರೋಮೀಟರ್, ಅಂದರೆ ತೇವಾಂಶ ಅಳೆಯುವ ಮೀಟರ್, ಯಾವಾಗ ನೋಡಿದರೂ 60ರ ಹತ್ತಿರ ಇರುತ್ತಿತ್ತು. ಬಾಲ್ ಪೈಥಾನ್‌ಗೆ ಶೇ. 60ರಿಂದ 80 ತೇವಾಂಶ ಬೇಕು. ಲೆಕ್ಕ ಸರಿಯಾಗಿದೆ ಅಂದುಕೊಂಡಿದ್ದೆ.

ಆದರೂ ಪೊರೆ ಚೂರಾಗಿಯೇ ಬಂದಿತ್ತು. ಹಾಗಾಗಿ ಮೊದಲು ಮೀಟರನ್ನೇ ಪರೀಕ್ಷೆ ಮಾಡಿದೆ. ಬಾಟಲಿಯ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ ಕೆಲವು ಹನಿ ನೀರು ಬಿಟ್ಟೆ. ಉಪ್ಪು ಪೂರ್ತಿ ಕರಗಬಾರದು, ಒದ್ದೆ ಮರಳಿನ ಹಾಗೆ ಇರಬೇಕು. ಅದನ್ನೂ ಮೀಟರನ್ನೂ ಗಾಳಿಯಾಡದ ಚೀಲದಲ್ಲಿ ಸೇರಿಸಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಅದು 75 ತೋರಿಸಬೇಕಿತ್ತು. ನನ್ನದು 90 ದಾಟಿತ್ತು! ಅಂದರೆ ಇಷ್ಟು ದಿನ ಹಾವು ಒಣ ಗಾಳಿಯಲ್ಲೇ ಇತ್ತು. ಅವತ್ತೇ ಅದನ್ನು ತೆಗೆದು, ತಂತಿಯ ತುದಿಯಲ್ಲಿ ಸೆನ್ಸರ್ ಇರುವ ಡಿಜಿಟಲ್ ಮೀಟರ್ ತಂದೆ. ಸೆನ್ಸರನ್ನು ಬಿಸಿ ದೀಪದಿಂದ ದೂರದ ತಂಪಿನ ಬದಿಯಲ್ಲಿ, ಹಾವು ಮಲಗುವ ಎತ್ತರದಲ್ಲೇ ಇಟ್ಟೆ.

ಎರಡು ದಿನ ಅಂಕಿ ಗಮನಿಸಿದ ಮೇಲೆ ವಿಷಯ ಗೊತ್ತಾಯಿತು. ಸ್ಪ್ರೇ ಮಾಡಿದ ತಕ್ಷಣ 85, ಒಂದು ಗಂಟೆ ಕಳೆದರೆ ಮತ್ತೆ 45. ಟ್ಯಾಂಕಿನ ಮೇಲ್ಭಾಗ ಪೂರ್ತಿ ಜಾಲರಿ, ಅದರ ಮೇಲೆ ಬಿಸಿ ದೀಪ. ಬಿಸಿ ಗಾಳಿ ಮೇಲೇರುವಾಗ ತೇವವನ್ನೂ ಹೊತ್ತುಕೊಂಡು ಹೊರಗೆ ಹೋಗುತ್ತಿತ್ತು. ದೀಪದ ಸುತ್ತಲಿನ ಜಾಗ ಮತ್ತು ಗಾಳಿಗೆ ಒಂದು ಸಣ್ಣ ಪಟ್ಟಿ ಬಿಟ್ಟು, ಉಳಿದ ಮುಕ್ಕಾಲು ಜಾಲರಿಯನ್ನು ಅಕ್ರಿಲಿಕ್ ಹಾಳೆಯಿಂದ ಮುಚ್ಚಿದೆ. ಇಷ್ಟಕ್ಕೇ ಅಂಕಿ ಬೇಗ ಇಳಿಯುವುದು ನಿಂತಿತು.

ಆದರೆ ನಿಜವಾದ ಬದಲಾವಣೆ ಬಂದದ್ದು ನೆಲದಿಂದ. ಮೊದಲು ಹಳೆಯ ಪೇಪರ್ ಹಾಸುತ್ತಿದ್ದೆ. ಅದು ನೀರು ಹಿಡಿದಿಡುವುದಿಲ್ಲ. ಅದನ್ನು ತೆಗೆದು ತೆಂಗಿನ ನಾರಿನ ಪುಡಿ ಮತ್ತು ಸೈಪ್ರೆಸ್ ತೊಗಟೆಯ ಚೂರು ಬೆರೆಸಿ ಸುಮಾರು 10 ಸೆಂ.ಮೀ. ದಪ್ಪಕ್ಕೆ ಹಾಕಿದೆ. ಈಗ ನೀರನ್ನು ಮೇಲಿಂದ ಸಿಂಪಡಿಸುವುದಿಲ್ಲ. ನಾಲ್ಕು ಮೂಲೆಯಲ್ಲಿ ನಿಧಾನವಾಗಿ ಸುರಿಯುತ್ತೇನೆ. ನೀರು ತಳಕ್ಕೆ ಇಳಿಯುತ್ತದೆ, ಮೇಲಿನ ಪದರ ಒಣಗಿಯೇ ಇರುತ್ತದೆ, ತಳದ ತೇವ ದಿನಗಟ್ಟಲೆ ಸ್ವಲ್ಪ ಸ್ವಲ್ಪವೇ ಗಾಳಿಗೆ ಸೇರುತ್ತದೆ. ಈ ಹಾವುಗಳು ಪಶ್ಚಿಮ ಮತ್ತು ಮಧ್ಯ ಆಫ್ರಿಕಾದಲ್ಲಿ ಇಲಿಯ ಬಿಲಗಳಲ್ಲಿ, ಗೆದ್ದಲು ಹುತ್ತಗಳಲ್ಲಿ ಅಡಗಿರುತ್ತವೆ. ಹುತ್ತದೊಳಗಿನ ಗಾಳಿಯನ್ನು ನೆನೆಸಿಕೊಂಡರೆ ಸಾಕು, ನಮಗೆ ಏನು ಬೇಕು ಅಂತ ಗೊತ್ತಾಗುತ್ತದೆ.

ಮೇಲಿನ ಪದರ ಒಣಗಿರಲೇಬೇಕು. ಸದಾ ಒದ್ದೆಯಲ್ಲಿ ಮಲಗಿದರೆ ಹೊಟ್ಟೆಯ ಹುರುಪೆಗಳು ಕಂದು, ಕೆಂಪಾಗಿ ಕೊಳೆಯುತ್ತವೆ. ಗಾಳಿಯಾಡದೆ ತೇವ ಕಟ್ಟಿಕೊಂಡರೆ ಬೂಷ್ಟೂ ಬರುತ್ತದೆ. ಬಾಯಿ ತೆರೆದು ಉಸಿರಾಡುವುದು, ಸೀಟಿಯಂಥ ಸದ್ದು, ಮೂಗಿನಲ್ಲಿ ಗುಳ್ಳೆ ಕಂಡರೆ ಪಶುವೈದ್ಯರ ಹತ್ತಿರ ಹೋಗಲೇಬೇಕು, ಕಾಯಬೇಡಿ.

ಅಂಕಿಯ ಬಗ್ಗೆ ಇನ್ನೊಂದು ಮಾತು. ದೀಪದ ಕೆಳಗೆ 32 ಡಿಗ್ರಿ, ತಂಪಿನ ಬದಿಯಲ್ಲಿ 26. ಗಾಳಿಯಲ್ಲಿರುವ ನೀರು ಅಷ್ಟೇ ಇದ್ದರೂ ಬಿಸಿ ಕಡೆ ಅಂಕಿ ಕಡಿಮೆ, ತಂಪಿನ ಕಡೆ ಜಾಸ್ತಿ ಬರುತ್ತದೆ. ಮೊದಮೊದಲು ಬಿಸಿ ಕಡೆಯ 50 ನೋಡಿ ಗಾಬರಿಯಾಗಿ ನೀರು ಸುರಿಯುತ್ತಿದ್ದೆ. ಈಗ ಹಾಗೆ ಮಾಡುವುದಿಲ್ಲ.

ಅಂಟಿಕೊಂಡಿದ್ದ ಪೊರೆಗೆ ಏನು ಮಾಡಿದೆ ಅಂದರೆ, ಗಾಳಿ ತೂತುಗಳಿರುವ ಡಬ್ಬಿಯಲ್ಲಿ ಉಗುರುಬೆಚ್ಚಗಿನ ಒದ್ದೆ ಟವೆಲ್ ಹಾಸಿ ಹಾವನ್ನು ಅರ್ಧ ಗಂಟೆ ಬಿಟ್ಟೆ. ಟವೆಲ್ ನಡುವೆ ಹರಿದಾಡುವಾಗ ಮೈಮೇಲಿನ ಚೂರುಗಳು ತಾವೇ ಬಿಟ್ಟುಕೊಂಡವು. ಬಾಲದ ಉಂಗುರಕ್ಕೆ ಮರುದಿನ ಇನ್ನೊಮ್ಮೆ ಮಾಡಬೇಕಾಯಿತು. ಅದನ್ನು ಹಾಗೇ ಬಿಟ್ಟರೆ ರಕ್ತ ಓಡದೆ ಬಾಲದ ತುದಿಯೇ ಸಾಯಬಹುದು. ಕಣ್ಣಿನ ಪೊರೆಯನ್ನು ಮಾತ್ರ ಮುಟ್ಟಲಿಲ್ಲ. ಚಿಮಟದಿಂದ ಎಳೆದರೆ ಕಣ್ಣೇ ಹೋದೀತು.

ಮುಂದಿನ ಸಲ ಪೊರೆ ಬಿಡುವ ಮುಂಚೆ ಕಣ್ಣು ಹಾಲು ಬೆರೆಸಿದ ನೀಲಿಗೆ ತಿರುಗಿದ ಕೂಡಲೇ, ಚೆನ್ನಾಗಿ ಹಿಂಡಿದ ಸ್ಫಾಗ್ನಂ ಪಾಚಿ ತುಂಬಿದ ಒಂದು ಅಡಗುಡಬ್ಬಿ ಇಟ್ಟೆ. ಹಾವು ಅದರೊಳಗೇ ಸೇರಿಕೊಂಡಿತು. ಕಣ್ಣು ಮತ್ತೆ ತಿಳಿಯಾದ ನಾಲ್ಕನೇ ದಿನ ಬೆಳಿಗ್ಗೆ ನೋಡಿದರೆ, ಮೂಗಿನಿಂದ ಬಾಲದವರೆಗೆ ಒಂದೇ ಉದ್ದದ ಪೊರೆ, ಕಾಲುಚೀಲ ತಿರುಗಿಸಿ ಎಳೆದ ಹಾಗೆ ಬಿದ್ದಿತ್ತು. ತಲೆಯ ಭಾಗವನ್ನು ಬೆಳಕಿಗೆ ಹಿಡಿದು ಕಣ್ಣುಗಳನ್ನು ಹುಡುಕಿದೆ. ಎರಡೂ ಇದ್ದವು. ಎಡಗಡೆಯದು ಎರಡು ಪದರ ಇತ್ತು.